ಕಾಕಾ ಮರೆತಿರಲಿಲ್ಲ, ಸಿಡಿ ಮರೆತಿತ್ತು

ದೀಪಾವಳಿಗೆ ಬೈಲಹೊಂಗಲಕ್ಕೆ ಹೋದಾಗ ಅಟ್ಟದ ಮೇಲಿಂದ ಒಂದು ಹಳೇ ಬಿಸ್ಕೀಟ್ ಡಬ್ಬಿ ಇಳಿಸಿದೆ. ಅದರ ತುಂಬ ಸಿಡಿ, ಡಿವಿಡಿ. ನಮ್ಮ ಕಾಕಾ ಒಂದು ಕಾಲಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸಿಡಿ ಬಾಡಿಗೆ ಅಂಗಡಿ ಇಟ್ಟಿದ್ದರು. ಮದುವೆ, ಜಾತ್ರೆ, ಗಣೇಶನ ಹಬ್ಬ ಅಂದರೆ ಕಲರ್ ಟಿವಿ, ಪ್ಲೇಯರ್, ಜೊತೆಗೆ ಮೂರು ಸಿನಿಮಾ ರಾತ್ರಿ ಬಾಡಿಗೆಗೆ ಹೋಗುತ್ತಿದ್ದವು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿತು. ಉಳಿದದ್ದು ಈ ಡಬ್ಬಿ.

ಊಟ ಆದ ಮೇಲೆ ಕಾಕಾ, “ಯವ್ವಾ, ಒಂದ್ ಪತ್ತೇದಾರಿ ಸಿನಿಮಾ ಹಚ್ಚ ನೋಡೂನು” ಅಂದರು. 1980ರ ದಶಕದ ಒಂದು ಸಸ್ಪೆನ್ಸ್ ಚಿತ್ರ ಹಚ್ಚಿದೆ. ಅದರ ಹೆಸರು ಬೇಡ, ಡಿಸ್ಕ್ ಮಾಡಿದವರ ಹೆಸರೂ ಬೇಡ. ಅರ್ಧ ಸಿನಿಮಾ ಮುಗಿದಿತ್ತು. ಕಾಕಾ ಇದ್ದಕ್ಕಿದ್ದಂತೆ ಎದ್ದು ಕೂತರು.

“ಬಾವಿಕಟ್ಟಿ ಸೀನ್ ಎಲ್ಲಿ ಹೋತು? ಅವ ಕಂದೀಲ ಹಿಡಕೊಂಡು ಬಾವಿಕಟ್ಟಿಗೆ ಬರತಾನಲಾ. ಅಲ್ಲೇ ಅಲ್ಲೇನು ಉಂಗುರ ಸಿಗೋದು?”

ಅಂಥ ದೃಶ್ಯವೇ ಬಂದಿರಲಿಲ್ಲ. ಚಿಗವ್ವ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಅಂದಳು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, “ಈಗೀಗ ಹಿಂಗ ಆಗೇತಿ ನೋಡವಾ. ಚಾವಿ ಎಲ್ಲಿಟ್ಟೆ ಅಂತ ಮರೀತಾರ. ಶುಗರ್ ಗುಳಿಗಿ ಎರಡ್ ಸಲ ತಗೋತಾರ. ಇಲ್ಲದ್ದನ್ನ ಐತಿ ಅಂತಾರ” ಅಂದಳು. ಧಾರವಾಡಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಮನೆಯಲ್ಲಿ ಆಗಲೇ ಮಾತಾಗಿತ್ತು. ಬಾವಿಕಟ್ಟೆಯ ದೃಶ್ಯವೂ ಆ ಪಟ್ಟಿಗೆ ಸೇರಿತು.

ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಐದುನೂರು ಸಿನಿಮಾಗಳ ಕಥೆ ಬಾಯಿಪಾಠ ಇದ್ದ ಮನುಷ್ಯ. ಅವರ ನೆನಪು ತಪ್ಪೋ, ಅಥವಾ ಡಿಸ್ಕೇ ತಪ್ಪೋ?

ಕತ್ತಲು ಕಪ್ಪಲ್ಲ, ಬೂದಿ

ಮರುದಿನ ಅದೇ ಸಿನಿಮಾನ ಗಮನ ಇಟ್ಟು ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಕತ್ತಲು. ರಾತ್ರಿಯ ದೃಶ್ಯ ಬಂದ ಕೂಡಲೇ ಪರದೆ ತುಂಬ ಚೌಕ ಚೌಕ. ಗೋಡೆ ಯಾವುದು, ಮನುಷ್ಯ ಯಾರು ಗೊತ್ತಾಗುವುದಿಲ್ಲ.

ಇದಕ್ಕೆ ಲೆಕ್ಕ ಇದೆ. ನಮ್ಮ ಕಡೆ ಸಿಗುತ್ತಿದ್ದ ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಒಟ್ಟು ಸುಮಾರು 1 ಲಕ್ಷ. ಡಿವಿಡಿಯಲ್ಲಿ 720 ಮತ್ತು 576, ಅಂದರೆ 4 ಲಕ್ಷದಷ್ಟು. ಈಗಿನ ಫುಲ್ ಎಚ್‌ಡಿ ಟಿವಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿ ಇರುತ್ತವೆ. ಡಬ್ಬಾ ಟಿವಿಯ ಕಾಲದಲ್ಲಿ ಚೆನ್ನಾಗಿಯೇ ಕಂಡ ವಿಸಿಡಿ ಇವತ್ತಿನ ದೊಡ್ಡ ಟಿವಿಯಲ್ಲಿ ಬಟ್ಟೆ ಒಗೆದು ಹಿಂಡಿದಂತೆ ಕಾಣುವುದು ಅದಕ್ಕೇ. ಒಂದು ಲಕ್ಷ ಚುಕ್ಕಿಯನ್ನು ಟಿವಿ 20 ಪಟ್ಟು ಹಿಗ್ಗಿಸುತ್ತಿರುತ್ತದೆ.

ಇನ್ನೊಂದು ಕಾರಣ, ಜಾಗ ಉಳಿಸುವ ಚೌಕಾಸಿ. ಡಿಸ್ಕಿನಲ್ಲಿ ಹಿಡಿಸಲು ಚಿತ್ರವನ್ನು ಒತ್ತಿ ಸಣ್ಣದು ಮಾಡುತ್ತಾರೆ. ಹಾಗೆ ಒತ್ತುವಾಗ ಮೊದಲು ಬಲಿಯಾಗುವುದು ಕತ್ತಲಿನ ಸೂಕ್ಷ್ಮ ಛಾಯೆಗಳು. ನಮ್ಮ ಜಾತ್ರೆ ಅಂಗಡಿಗಳಲ್ಲಿ ಸಿಗುತ್ತಿದ್ದ ‘3 ಇನ್ 1’ ಡಿವಿಡಿ ನೆನಪಿದೆಯಾ? ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ! ಲೆಕ್ಕ ಹಾಕಿ. ಸಾದಾ ಡಿವಿಡಿಯ ಜಾಗ 4.7 ಜಿಬಿ. ಎರಡೂವರೆ ತಾಸಿನ ಒಂದೇ ಚಿತ್ರ ಹಾಕಿದರೆ ಪ್ರತಿ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಿಗುತ್ತದೆ. ಮೂರು ಹಾಕಿದರೆ 1.4. ವಿಸಿಡಿಯಲ್ಲಿ ಚಿತ್ರಕ್ಕೆ ಸಿಗುವುದು 1.15. ಅಂದರೆ ಡಿವಿಡಿ ಅಂತ ಕೊಂಡು ತಂದದ್ದು ವಿಸಿಡಿಗಿಂತ ಸ್ವಲ್ಪವೇ ಮೇಲು.

ಪ್ರೇಮಕಥೆಯಲ್ಲಿ, ಹಾಡಿನ ಸಿನಿಮಾದಲ್ಲಿ ಇಷ್ಟು ನಷ್ಟ ನಡೆದೀತು. ಹಗಲಿನ ತೋಟದಲ್ಲಿ ನಾಯಕ, ನಾಯಕಿ ಓಡಾಡಿದರೆ ಚುಕ್ಕಿ ಕಡಿಮೆಯಾದರೂ ಕಥೆ ಕೆಡುವುದಿಲ್ಲ. ಥ್ರಿಲ್ಲರ್ ಹಾಗಲ್ಲ. ಅಲ್ಲಿ ಸುಳಿವು ಇರುವುದೇ ಕತ್ತಲಲ್ಲಿ.

ಸದ್ದಿಲ್ಲದ್ದೂ ಒಂದು ಸದ್ದು

ಕತ್ತಲಿನಷ್ಟೇ ಮುಖ್ಯವಾದದ್ದು ಮೌನ. ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989) ನೆನಪಿಸಿಕೊಳ್ಳಿ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಇದ್ದ ಆ ಚಿತ್ರದಲ್ಲಿ ಒಂದೂ ಹಾಡಿಲ್ಲ. ಮರುವರ್ಷದ ‘ಉತ್ಕರ್ಷ’ದಲ್ಲೂ ಇಲ್ಲ. ವಿಷ್ಣುವರ್ಧನ್, ಅನಂತನಾಗ್ ನಟಿಸಿದ ‘ನಿಷ್ಕರ್ಷ’ದಲ್ಲೂ ಇಲ್ಲ. ಪ್ರೇಕ್ಷಕರನ್ನು ಕುರ್ಚಿಯ ತುದಿಗೆ ತಂದು ಕೂರಿಸುವ ಕೆಲಸವನ್ನೆಲ್ಲ ಹಿನ್ನೆಲೆ ಸಂಗೀತ, ಹೆಜ್ಜೆ ಸಪ್ಪಳ, ಬಾಗಿಲ ಕಿರುಗು ಮಾಡಬೇಕು. ಅದಕ್ಕೂ ಹಿಂದೆ, 1978ರಲ್ಲಿ ಕಾಶೀನಾಥ್ ‘ಅಪರಿಚಿತ’ ಮಾಡಿದರು. ನಮ್ಮ ಧಾರವಾಡದ ಸುರೇಶ್ ಹೆಬ್ಳೀಕರ್ ಅದರಲ್ಲಿದ್ದರು. ಎಲ್. ವೈದ್ಯನಾಥನ್ ಅವರ ಸಂಗೀತ. ಇಂಥ ಚಿತ್ರಗಳಲ್ಲಿ ಕಿವಿಯೂ ಒಂದು ಕಣ್ಣು.

ಆಗಿನ ಫಿಲ್ಮ್ ಪ್ರಿಂಟಿನಲ್ಲಿ ಧ್ವನಿ ಇರುತ್ತಿದ್ದದ್ದು ಚಿತ್ರದ ಪಕ್ಕದ ಸಣ್ಣ ಪಟ್ಟಿಯಲ್ಲಿ, ಬೆಳಕಿನ ಗೆರೆಯಾಗಿ. ಪ್ರಿಂಟ್ ಊರೂರು ಸುತ್ತಿ ಗೀರು ಬಿದ್ದಷ್ಟೂ ಚಟಪಟ, ಸುಂಯ್ ಅನ್ನುವ ಸದ್ದು ಸೇರುತ್ತದೆ. ಡಿಸ್ಕ್ ಮಾಡುವಾಗ ಮೂಲ ನೆಗೆಟಿವ್ ಸಿಗದೆ, ಕೈಗೆ ಸಿಕ್ಕ ಸವೆದ ಪ್ರಿಂಟಿನಿಂದಲೇ ನಕಲು ತೆಗೆದರೆ ಆ ಸದ್ದೂ ಬರುತ್ತದೆ. ಅದನ್ನು ಅಳಿಸಲು ಹೋಗಿ ವಿಪರೀತ ತೊಳೆದರೆ ಸಂಭಾಷಣೆ ನೀರಿನ ಒಳಗಿಂದ ಬಂದಂತೆ ಆಗುತ್ತದೆ. ಉಸಿರು, ಹೆಜ್ಜೆ ಸಪ್ಪಳವೂ ಜೊತೆಗೇ ಹೋಗುತ್ತವೆ. ಕವರ್ ಮೇಲೆ ‘5.1’ ಅಂತ ಇದ್ದರೂ ಮೂಲ ಒಂದೇ ಪಟ್ಟಿಯ ಧ್ವನಿ ಅಂದಮೇಲೆ ಉಳಿದದ್ದೆಲ್ಲ ಆಮೇಲೆ ಹಂಚಿದ್ದು, ಇಲ್ಲವೇ ಹೊಸದಾಗಿ ಸೇರಿಸಿದ್ದು.

ಮೊದಲ ಚೌಕಟ್ಟಿನಲ್ಲೇ ಸಾಕ್ಷಿ

ಇಷ್ಟೆಲ್ಲ ತಿಳಿದರೂ ಬಾವಿಕಟ್ಟೆಯ ಪ್ರಶ್ನೆ ಉಳಿದೇ ಇತ್ತು. ಕತ್ತಲು ಕಾಣದಿರುವುದು ಬೇರೆ, ದೃಶ್ಯವೇ ಇಲ್ಲದಿರುವುದು ಬೇರೆ.

ಉತ್ತರ ಸಿನಿಮಾದ ಶುರುವಿನಲ್ಲೇ ಇತ್ತು. ನಾವ್ಯಾರೂ ಓದದೆ ಬಿಡುವ ಸೆನ್ಸಾರ್ ಸರ್ಟಿಫಿಕೇಟ್! ಅದರಲ್ಲಿ ಚಿತ್ರದ ಉದ್ದವನ್ನು ಮೀಟರಿನಲ್ಲಿ, ರೀಲುಗಳ ಸಂಖ್ಯೆಯ ಜೊತೆ ಬರೆದಿರುತ್ತಾರೆ. 35 ಮಿ.ಮೀ. ಫಿಲ್ಮ್ ಒಂದು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಮೀಟರನ್ನು 27.4ರಿಂದ ಭಾಗಿಸಿದರೆ ಚಿತ್ರ ಎಷ್ಟು ನಿಮಿಷದ್ದು ಅಂತ ಗೊತ್ತಾಗುತ್ತದೆ.

ವಿಸಿಡಿ ನಿಲ್ಲಿಸಿ ನೋಡಿದೆ. ಮಂಜು ಮಂಜು. ‘3,340 ಮೀಟರ್’ ಅಂತ ಓದಿದೆ. ಲೆಕ್ಕ ಹಾಕಿದರೆ 122 ನಿಮಿಷ. ಎರಡೂ ಸಿಡಿ ಸೇರಿ 121 ನಿಮಿಷ. ಸರಿಹೋಯಿತು. ಅಂದರೆ ಏನೂ ಕಟ್ ಆಗಿಲ್ಲ, ಕಾಕಾನದೇ ತಪ್ಪು. ನಿಜ ಹೇಳಲಾ? ಎದೆ ಭಾರ ಆಯಿತು.

ಡಬ್ಬಿಯ ತಳದಲ್ಲಿ ಅದೇ ಸಿನಿಮಾದ ಡಿವಿಡಿ ಇತ್ತು, ಬೇರೆ ಎರಡು ಚಿತ್ರಗಳ ಜೊತೆ. ಅದನ್ನೂ ಹಾಕಿದೆ. ಅದೂ 121 ನಿಮಿಷವೇ. ಆದರೆ ಅಲುಗಾಡದ ಅಕ್ಷರಗಳ ಚೌಕಟ್ಟು, ನಾಲ್ಕು ಪಟ್ಟು ಚುಕ್ಕಿ. ಸರ್ಟಿಫಿಕೇಟ್ ಸ್ಪಷ್ಟವಾಗಿ ಕಂಡಿತು. ನಾನು 3 ಅಂದುಕೊಂಡದ್ದು 8.

3,840 ಮೀಟರ್. 140 ನಿಮಿಷ.

ಇಲ್ಲೊಂದು ಸೂಕ್ಷ್ಮ ಇದೆ. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಪಾಲ್ ಪದ್ಧತಿಯ ಡಿಸ್ಕಿನಲ್ಲಿ ಅದನ್ನೇ 25ಕ್ಕೆ ಏರಿಸಿರುತ್ತಾರೆ. ಹಾಗಾಗಿ ಚಿತ್ರ 100ಕ್ಕೆ 4ರಷ್ಟು ಬೇಗ ಮುಗಿಯುತ್ತದೆ, ಧ್ವನಿಯೂ ತುಸು ತೆಳ್ಳಗಾಗುತ್ತದೆ. ಆ ರಿಯಾಯಿತಿ ಕೊಟ್ಟರೂ 134 ನಿಮಿಷ ಇರಬೇಕಿತ್ತು. 13 ನಿಮಿಷ ಕಾಣೆ! ಒಂದು ಸಾವಿರ ಅಡಿಯ ರೀಲು ಓಡುವುದೇ 11 ನಿಮಿಷ. ಇಡೀ ರೀಲೇ ಹೋಗಿತ್ತೋ, ಪ್ರತಿ ರೀಲಿನ ತುದಿ ಹರಿದು ಅಂಟಿಸಿ, ಮತ್ತೆ ಹರಿದು ಅಷ್ಟಾಯಿತೋ, ದೇವರೇ ಬಲ್ಲ. ಬಾವಿಕಟ್ಟೆಗೆ ಜಾಗವಂತೂ ಇತ್ತು.

ಕಾಗದದ ಮೇಲೆ ಬರೆದ ಲೆಕ್ಕ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು. “ನಾ ಟಾಕೀಸಿನ್ಯಾಗ ನೋಡೇನಿ ಅಂದ್ರ ಯಾರೂ ನಂಬಲಿಲ್ಲ” ಅಂದರು. ಮುಂದೆ ಏನೂ ಹೇಳಲಿಲ್ಲ.

ಡಬ್ಬಿ ಬಿಸಾಕುವ ಮುಂಚೆ

ಹಳೇ ಚಿತ್ರಗಳಿಗೆ ಮರುಜೀವ ಬರುವುದಿಲ್ಲ ಅಂತಲ್ಲ. ‘ನಿಷ್ಕರ್ಷ’ 2019ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಚಿತ್ರಮಂದಿರ ಕಂಡಿತು. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ನೆಗೆಟಿವ್‌ನಿಂದಲೇ 4ಕೆ ಗುಣಮಟ್ಟದಲ್ಲಿ ಸಿದ್ಧವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ನೆಗೆಟಿವ್ ಉಳಿದಿದ್ದರೆ ಎಲ್ಲವೂ ಸಾಧ್ಯ. ಉಳಿಯದ ಚಿತ್ರಗಳ ಪಾಲಿಗೆ ಇಂಥ ಡಬ್ಬಿಯ ಡಿಸ್ಕೇ ಕೊನೆಯ ಪ್ರತಿ ಆದೀತು.

ಹಾಗಾಗಿ ನಿಮ್ಮ ಮನೆಯಲ್ಲೂ ಡಿಸ್ಕ್ ಇದ್ದರೆ ನಿಲ್ಲಿಸಿ ಇಡಿ, ಬಿಸಿಲಿಗೆ ಬಿಡಬೇಡಿ. ಒರೆಸುವಾಗ ಗೋಲಾಕಾರವಾಗಿ ತಿಕ್ಕಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸಿಡಿಯ ಹೆಸರಿರುವ ಬದಿಗೂ ಗೀರು ಬೀಳದಂತೆ ನೋಡಿಕೊಳ್ಳಿ, ಮಾಹಿತಿಯ ಪದರ ಆ ಬದಿಗೇ ಹತ್ತಿರ ಇರುವುದು. ನೋಡುವಾಗ ಟಿವಿಯ ಅಳತೆ 4:3 ಮಾಡಿ, ಮುಖ ಅಗಲ ಆಗುವುದಿಲ್ಲ. ‘ವಿವಿಡ್’ ಬಿಡಿ, ‘ಸಿನಿಮಾ’ ಮೋಡ್ ಇಡಿ. ಮನೆಯ ದೀಪ ಆರಿಸಿ. ಮೊಬೈಲಿನಲ್ಲಿ ನೋಡುವವರು ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಚೌಕಟ್ಟನ್ನು ನಿಲ್ಲಿಸಿ ಓದಿ.

ಧಾರವಾಡದ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಚಾವಿ, ಗುಳಿಗೆ ಮರೆಯುವುದು ಸುಳ್ಳಲ್ಲ, ಅದಕ್ಕೆ ಔಷಧಿ ನಡೆದಿದೆ. ಆದರೆ ಕಾಕಾ ಏನಾದರೂ ‘ಇತ್ತು’ ಅಂದರೆ ಈಗ ಮನೆಯಲ್ಲಿ ಯಾರೂ ಕಣ್ಣು ಸನ್ನೆ ಮಾಡುವುದಿಲ್ಲ.

ನಾನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಕರೆಂಟ್ ಹೋಯಿತು. ಕಟ್ಟೆ ಮೇಲೆ ಕೂತು ಕಾಕಾ ಆ ದೃಶ್ಯ ಹೇಳಿದರು. ಕಂದೀಲು ಎಲ್ಲಿತ್ತು, ಅವನು ಯಾವ ಕಡೆಯಿಂದ ಬಂದ, ಉಂಗುರ ಯಾರದ್ದು, ಎಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆ ಸಿನಿಮಾನ ಮೂರು ಸಲ ಸಿಡಿಯಲ್ಲಿ ನೋಡಿದ್ದ ಚಿಗವ್ವ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

“ಹಂಗಾರ ಆಕಿ ಕೊಂದಿಲ್ಲೇನು?”