‘ಕ್ಲಿಯರ್ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟೆ

ಪುಣೆಯ ಹಿಂಜವಡಿಯಲ್ಲಿ ಕೂತು ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ, ಕೊಲ್ಹಾಪುರದ ಗೋದಾಮು ಸಿಬ್ಬಂದಿಗೆ ಹೊಸ ಸ್ಟಾಕ್ ಸಾಫ್ಟ್‌ವೇರ್ ಕಲಿಸುವ ಕೆಲಸ ಎರಡು ವರ್ಷದ ಹಿಂದೆ ನನ್ನ ಪಾಲಿಗೆ ಬಂತು. ಊರೂರು ಸುತ್ತಲು ಬಜೆಟ್ ಇರಲಿಲ್ಲ. ಎಲ್ಲವೂ ವಿಡಿಯೊ ಕಾಲ್‌ನಲ್ಲೇ ಆಗಬೇಕು. 2020ರ ಲಾಕ್‌ಡೌನ್‌ನಿಂದ ದಿನಕ್ಕೆ ನಾಲ್ಕೈದು ಮೀಟಿಂಗ್ ಮಾಡಿ ಪಳಗಿದವನು ನಾನು, ಇದೇನು ಮಹಾ ಅಂದುಕೊಂಡೆ.

64 ಸ್ಲೈಡ್ ಮಾಡಿದೆ. ಮೂರು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ಎದುರಿಗೆ 22 ಕಪ್ಪು ಚೌಕಗಳು. ನಡುನಡುವೆ ‘ಕ್ಲಿಯರ್?’ ಅಂತ ಕೇಳಿದರೆ ಒಂದಿಬ್ಬರು ‘ಯಸ್ ಸರ್’ ಅನ್ನುತ್ತಿದ್ದರು. ಟ್ರೈನಿಂಗ್ ಮುಗಿಯಿತೆಂದು ರಿಪೋರ್ಟ್ ಕಳಿಸಿದೆ.

ಹತ್ತು ದಿನಕ್ಕೆ ಹುಬ್ಬಳ್ಳಿಯ ಲೆಕ್ಕ ತಪ್ಪಿತು. ಅಂಗಡಿಗಳಿಂದ ವಾಪಸ್ ಬಂದ ಹಾಳಾದ ಮಾಲೆಲ್ಲ ಹೊಸ ಮಾಲಿನ ಖಾತೆಗೆ ಸೇರಿತ್ತು. ಅಲ್ಲಿನ ಸ್ಟೋರ್ ಕೀಪರ್‌ಗೆ 52 ವರ್ಷ. ಅವರ ಕೈಗೆ ವಿವರಣೆ ಕೇಳುವ ನೋಟಿಸ್ ಬಂತು. ಆ ಸಂಜೆ ನನಗೆ ಫೋನ್ ಮಾಡಿದರು. ನಾನು ಕನ್ನಡದವನೆಂದು ಯಾರೋ ಹೇಳಿದ್ದರಂತೆ.

“ಸರ್, ನೀವು ಅವತ್ತ ಹೇಳಿದ್ದು ನನಗ ಒಂದೂ ತಿಳೀಲಿಲ್ರೀ. ಎಲ್ಲಾರ ಮುಂದ ಕೇಳಾಕ ನಾಚಿಕಿ ಆತು. ಯಸ್ ಅಂದಬಿಟ್ಟೆ.”

ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಅವರ ಮ್ಯಾನೇಜರ್‌ಗೆ ಮೇಲ್ ಬರೆದೆ: ತಪ್ಪು ಅವರದಲ್ಲ, ಕಲಿಸಿದ ರೀತಿಯದು. ನೋಟಿಸ್ ವಾಪಸಾಯಿತು. ಆದರೆ ಇಡೀ ಟ್ರೈನಿಂಗನ್ನು ಮತ್ತೆ ಮಾಡಬೇಕಾಯಿತು.

ಈ ಸಲ ಮೂರು ಗಂಟೆಯ ಬದಲು 40 ನಿಮಿಷದ ನಾಲ್ಕು ಭಾಗ ಮಾಡಿ, ಎರಡು ದಿನಕ್ಕೊಂದರಂತೆ ಇಟ್ಟೆ. ಒಂದೇ ಸಲ ತುಂಬಿದ್ದಕ್ಕಿಂತ ಬಿಡುವು ಕೊಟ್ಟು ಕಲಿತದ್ದು ನೆನಪಿನಲ್ಲಿ ಉಳಿಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದಾರೆ. ಪ್ರತಿ ಭಾಗ ಶುರುವಾಗುವುದು ಹಿಂದಿನ ಪಾಠದ ಎರಡು ಪ್ರಶ್ನೆಗಳಿಂದ.

ಸ್ಲೈಡ್‌ಗಳನ್ನು ತೆಗೆದುಹಾಕಿದೆ. ಸುಳ್ಳು ಮಾಲು, ಸುಳ್ಳು ಬಿಲ್ ತುಂಬಿದ ಒಂದು ಅಭ್ಯಾಸದ ಸಿಸ್ಟಮ್ ತೆರೆದುಕೊಟ್ಟೆ. ನಾನು ಒಮ್ಮೆ ಮಾಡಿ ತೋರಿಸಿದ ಮೇಲೆ ಸ್ಕ್ರೀನ್ ಶೇರ್ ಅವರದು. ‘ಕ್ಲಿಯರ್?’ ಎನ್ನುವ ಬದಲು ‘ವಾಪಸ್ ಬಂದ ಐದು ಡಬ್ಬಿ ಎಂಟ್ರಿ ಮಾಡಿ ತೋರಿಸಿ’ ಅನ್ನತೊಡಗಿದೆ. ಯಾರು ಎಲ್ಲಿ ತಡವರಿಸುತ್ತಾರೆಂದು ಮೌಸ್ ಓಡಾಟವೇ ಹೇಳುತ್ತಿತ್ತು.

22 ಜನರನ್ನು ಬ್ರೇಕ್‌ಔಟ್ ರೂಮ್‌ಗಳಲ್ಲಿ ಐದಾರು ಜನರ ಗುಂಪು ಮಾಡಿದೆ. ಹುಬ್ಬಳ್ಳಿ, ಬೆಳಗಾವಿಯವರಿಗೆ ಕನ್ನಡ. ಕೊಲ್ಹಾಪುರ, ಸೊಲ್ಲಾಪುರದವರಿಗೆ ನನ್ನ ಸಹೋದ್ಯೋಗಿಯ ಮರಾಠಿ. ಬಟನ್ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅದನ್ನು ಯಾಕೆ ಒತ್ತಬೇಕೆಂಬುದು ಮನೆಮಾತಿನಲ್ಲಿ ತಿಳಿಯಲಿ ಎಂಬ ಲೆಕ್ಕ. ಬಾಯಿಬಿಟ್ಟು ಕೇಳಲು ಸಂಕೋಚಪಡುವವರು ಚಾಟ್‌ನಲ್ಲಿ ನೇರವಾಗಿ ನನಗೊಬ್ಬನಿಗೇ ಬರೆಯಬಹುದಿತ್ತು.

ಕ್ಯಾಮೆರಾ ಹಾಕಲೇಬೇಕೆಂಬ ಹಟ ಬಿಟ್ಟೆ. ತನ್ನದೇ ಮುಖವನ್ನು ಸದಾ ನೋಡುತ್ತಿರುವುದೂ ವಿಡಿಯೊ ಕಾಲ್ ಆಯಾಸಕ್ಕೆ ಒಂದು ಕಾರಣವೆಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಿದ್ದರು. ಗೋದಾಮಿನ ನೆಟ್‌ವರ್ಕ್‌ಗೂ ಅದು ಹಗುರ. ಚಿತ್ರ ನಿಂತರೂ ಧ್ವನಿ ನಿಲ್ಲಬಾರದು. ಶುರುವಿನಲ್ಲಿ ಎರಡು ನಿಮಿಷ ಮುಖ ನೋಡಿ ಮಾತಾಡಿ, ಆಮೇಲೆ ವಿಡಿಯೊ ಬಂದ್.

ಇದರಿಂದ ನನ್ನ ಕೆಲಸವೇನೂ ಕಡಿಮೆಯಾಗಲಿಲ್ಲ. ಗುಂಪು ಗುಂಪಾಗಿ ಕಲಿಸಲು ನನಗೆ ಹೆಚ್ಚು ದಿನ ಹಿಡಿಯಿತು. ಮೊದಲೇ ಹೀಗೆ ಮಾಡಿದ್ದರೆ ಒಬ್ಬ ಹಿರಿಯರ ಕೈಗೆ ನೋಟಿಸ್ ಹೋಗುತ್ತಿರಲಿಲ್ಲ.

ಕೊನೆಯ ದಿನ ಮಾಲು ವಾಪಸಾತಿಯ ಎಂಟ್ರಿ ತೋರಿಸಲು ಯಾರಾದರೂ ಬನ್ನಿ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹುಬ್ಬಳ್ಳಿಯ ಮೈಕ್ ಆನ್ ಆಯಿತು. “ನಾ ತೋರಸ್ತೇನ್ರೀ ಸರ್.” ನಿಧಾನಕ್ಕೆ, ಒಂದೊಂದೇ ಕ್ಲಿಕ್ ಮಾಡಿ ತೋರಿಸಿದರು. ಕೊನೆಗೆ ಬೆಳಗಾವಿಯ ಹುಡುಗರಿಗೆ ಅವರೇ ಕೇಳಿದರು: “ತಿಳೀತಿಲ್ಲೋ? ತಿಳೀಲಿಲ್ಲಂದ್ರ ಈಗಽ ಕೇಳ್ರಿ, ಆಮ್ಯಾಲೆ ನನ್ನಂಗ ಆಗಬಾರ್ದು.”