ವಾರ್ತೆ ತಿಳಿದೊಡನೆ ಏಳುವ ವೀಕ್ಷಕ

ತಾಳಮದ್ದಳೆಗೆ ಹೋಗುವವರಲ್ಲಿ ಕತೆ ತಿಳಿಯದವರು ಇಲ್ಲವೆಂದೇ ಹೇಳಬಹುದು. ವಾಲಿ ಸಾಯುತ್ತಾನೆ, ಕೃಷ್ಣನ ಸಂಧಾನ ಮುರಿದು ಬೀಳುತ್ತದೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೂ ಜನ ನಿದ್ದೆಗೆಟ್ಟು ಕುಳಿತಿರುತ್ತಾರೆ. ವಾಲಿ ಏನು ಪ್ರಶ್ನೆ ಹಾಕುತ್ತಾನೆ, ರಾಮನ ಅರ್ಥಧಾರಿ ಅದಕ್ಕೆ ಹೇಗೆ ಸಮಾಧಾನ ಹೇಳುತ್ತಾನೆ ಎಂದು ಕೇಳುವ ಆಸೆ ಅವರದು. ಬರೇ ಕತೆಗಾಗಿ ಬಂದವನಾದರೆ ಅರ್ಧ ಗಂಟೆಯಲ್ಲಿ ಎದ್ದು ಹೋದಾನು.

ಅಮೆರಿಕದ ಕೇಬಲ್ ವಾರ್ತಾವಾಹಿನಿಗಳ ಚರಿತ್ರೆ ಈ ಮಾತಿಗೆ ಒಳ್ಳೆಯ ದೃಷ್ಟಾಂತವಾಗಿದೆ.

1980ರ ಜೂನ್ 1ರಂದು ಟೆಡ್ ಟರ್ನರ್ ಎಂಬ ಉದ್ಯಮಿ ಅಟ್ಲಾಂಟಾ ನಗರದಿಂದ ಸಿ.ಎನ್.ಎನ್. ವಾಹಿನಿಯನ್ನು ಆರಂಭಿಸಿದರು. ಅದುವರೆಗೆ ಅಲ್ಲಿನ ಮೂರು ದೊಡ್ಡ ಟಿ.ವಿ. ಸಂಸ್ಥೆಗಳು ಸಂಜೆ ಅರ್ಧ ಗಂಟೆ ರಾಷ್ಟ್ರೀಯ ವಾರ್ತೆ ಕೊಡುತ್ತಿದ್ದುವು. ದಿನದ 24 ತಾಸೂ ವಾರ್ತೆಯೇ ಎಂದಾಗ ನಕ್ಕವರು ಬಹಳ. 1991ರ ಜನವರಿಯಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅಲ್ಲಿನ ಹೋಟೆಲೊಂದರ ಕೋಣೆಯಿಂದ ಸಿ.ಎನ್.ಎನ್. ಬಾತ್ಮೀದಾರರು ವರದಿ ಕೊಡುತ್ತಲೇ ಇದ್ದರು; ನಕ್ಕವರ ಬಾಯಿ ಮುಚ್ಚಿತು.

ಆದರೆ ಯುದ್ಧ ಮುಗಿಯಿತು, ವೀಕ್ಷಕರೂ ಹೊರಟುಹೋದರು. ಬರಿಯ ವಾರ್ತೆಯ ವಾಹಿನಿ ನಮ್ಮೂರಿನ ತೋಡಿನಂತೆ. ಆಟಿಯಲ್ಲಿ ದಡ ಮೀರಿ ಹರಿದೀತು, ಬೇಸಗೆಯಲ್ಲಿ ಕಲ್ಲು ಕಂಡೀತು. ವಾಹಿನಿಯ ಖರ್ಚಿಗೆ ಮಾತ್ರ ಬೇಸಗೆಯೆಂಬುದು ಇಲ್ಲ.

ಇದಕ್ಕೆ ಕಾರಣ ವೀಕ್ಷಕರನ್ನು ಎಣಿಸುವ ಕ್ರಮದಲ್ಲಿಯೂ ಇದೆ. ಎಷ್ಟು ಜನ ಇಣುಕಿ ಹೋದರು ಎಂಬುದಕ್ಕಿಂತ, ಪ್ರತಿ ನಿಮಿಷಕ್ಕೆ ಸರಾಸರಿ ಎಷ್ಟು ಜನ ಕುಳಿತಿದ್ದರು ಎಂಬ ಲೆಕ್ಕಕ್ಕೇ ಜಾಹೀರಾತಿನವರು ಬೆಲೆ ಕೊಡುವುದು. ಹತ್ತು ಹತ್ತು ನಿಮಿಷ ನೋಡಿ ಎದ್ದುಹೋದ ಆರು ಮಂದಿಯೂ, ಒಂದು ತಾಸು ಕದಲದೆ ಕುಳಿತ ಒಬ್ಬನೂ ಈ ಲೆಕ್ಕದಲ್ಲಿ ಸಮಾನರು. ವಾರ್ತೆಯನ್ನು ಚುಟುಕಾಗಿ, ಸ್ಪಷ್ಟವಾಗಿ ಹೇಳಿದಷ್ಟೂ ಕೇಳುವವನು ಬೇಗ ಏಳುತ್ತಾನೆ. ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೆ ದಂಡ ತೆರಬೇಕಾದ ವ್ಯಾಪಾರ ಇದೊಂದೇ ಇರಬೇಕು!

1996ರಲ್ಲಿ ಎಂ.ಎಸ್.ಎನ್.ಬಿ.ಸಿ. ಮತ್ತು ಫಾಕ್ಸ್ ನ್ಯೂಸ್ ಎಂಬ ಎರಡು ವಾಹಿನಿಗಳು ಹುಟ್ಟಿಕೊಂಡುವು. ರೂಪರ್ಟ್ ಮರ್ಡೋಕರ ಫಾಕ್ಸ್ ನ್ಯೂಸ್ ಈ ಗುಟ್ಟನ್ನು ಮೊದಲು ಅರಿಯಿತು. ರಾತ್ರಿಯ ಮುಖ್ಯ ಹೊತ್ತನ್ನು ಅದು ವಾರ್ತೆ ಓದುವವರಿಗೆ ಕೊಡದೆ, ಅರ್ಥ ಹೇಳುವವರಿಗೆ ಕೊಟ್ಟಿತು. ದೂರದೇಶಕ್ಕೆ ಬಾತ್ಮೀದಾರ, ಕೆಮರಾ ಕಳುಹಿಸುವುದಕ್ಕಿಂತ ಒಂದು ಮೇಜು, ನಾಲ್ಕು ಕುರ್ಚಿಗಳ ಖರ್ಚು ಎಷ್ಟೋ ಕಡಿಮೆ. 2002ರಲ್ಲಿ ಫಾಕ್ಸ್ ಸಿ.ಎನ್.ಎನ್.ನ್ನು ಹಿಂದೆ ಹಾಕಿತು. ಎಂ.ಎಸ್.ಎನ್.ಬಿ.ಸಿ.ಯೂ ಕಾಲಕ್ರಮದಲ್ಲಿ ಎದುರು ಪಕ್ಷದ ಅರ್ಥಗಾರಿಕೆಗೆ ಇಳಿಯಿತು.

ಮಧ್ಯದ ದಾರಿಯಲ್ಲಿ ನಡೆಯಲೆತ್ನಿಸಿದವರ ಗತಿಯೇನು? 2013ರ ಆಗಸ್ಟಿನಲ್ಲಿ ಬಂದ ಅಲ್ ಜಜೀರಾ ಅಮೆರಿಕ ಧಾರಾಳ ಹಣ ಸುರಿದೂ 2016ರ ಏಪ್ರಿಲಿನಲ್ಲಿ ಬಾಗಿಲು ಹಾಕಿತು. ಪಕ್ಷಪಾತವಿಲ್ಲದ ವಾರ್ತೆಯೆಂದು ಸಾರಿ ಹೊರಟ ನ್ಯೂಸ್‌ನೇಷನ್ ಕೂಡ ರಾತ್ರಿಯ ಹೊತ್ತಿಗೆ ಹೆಸರುವಾಸಿ ಮಾತುಗಾರರನ್ನು ಕೂರಿಸಬೇಕಾಯಿತು. ಸಿ.ಎನ್.ಎನ್.ನ್ನು ಮರಳಿ ನಡುದಾರಿಗೆ ತರಹೊರಟ ಕ್ರಿಸ್ ಲಿಕ್ಟ್ 2022ರ ಮೇ ತಿಂಗಳಲ್ಲಿ ಅಧಿಕಾರ ವಹಿಸಿ, 2023ರ ಜೂನಿನಲ್ಲಿ ಹೊರನಡೆದರು.

ಹಾಗೆಂದು ಗೆದ್ದವರ ದಾರಿ ಹೂವಿನ ದಾರಿಯಲ್ಲ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಮೋಸ ನಡೆಯಿತೆಂಬ ಸುಳ್ಳನ್ನು ಪ್ರಸಾರ ಮಾಡಿದ್ದಕ್ಕಾಗಿ, ಮತಯಂತ್ರಗಳ ಡೊಮಿನಿಯನ್ ಕಂಪೆನಿಗೆ ಫಾಕ್ಸ್ 2023ರಲ್ಲಿ 78.75 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ನಿಜ ಹೇಳಿದರೆ ವೀಕ್ಷಕರು ಬೇರೆಡೆಗೆ ಹೋದಾರೆಂಬ ಭಯ ಒಳಗಿನವರನ್ನು ಹೇಗೆ ಕಾಡಿತ್ತೆಂಬುದು ನ್ಯಾಯಾಲಯದ ದಾಖಲೆಗಳಿಂದ ಬಯಲಾಯಿತು. ತಾಳಮದ್ದಳೆಯಲ್ಲಿ ಮಾತು ಹಾದಿ ತಪ್ಪಿದರೆ ಪ್ರಸಂಗಕ್ಕೆ ಎಳೆದು ತರಲು ಭಾಗವತರಿದ್ದಾರೆ. ಟಿ.ವಿ.ಯ ಚಾವಡಿಯಲ್ಲಿ ಆ ಪೀಠ ಖಾಲಿಯಾಗಿದೆ.

ಇದರಿಂದ ನಮಗೇನು ಎಂದು ಕೇಳಬಹುದು. ಗಡಿನಾಡಿನ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಬೆಂಗಳೂರಿನ ವಾಹಿನಿಯೂ ಬರುತ್ತದೆ, ತಿರುವನಂತಪುರದ್ದೂ ಬರುತ್ತದೆ. ಎರಡರಲ್ಲೂ ರಾತ್ರಿ ವಾಗ್ವಾದಕ್ಕೆ ಬರವಿಲ್ಲ. ಆದರೆ ಕನ್ನಡ ಶಾಲೆಗೆ ಕನ್ನಡ ಅರಿಯದ ಅಧ್ಯಾಪಕರ ನೇಮಕವಾದದ್ದು, ಸರಕಾರಿ ಅರ್ಜಿಯ ನಮೂನೆ ಕನ್ನಡದಲ್ಲಿ ಸಿಗದೇ ಹೋದದ್ದು ಅಲ್ಲಿ ಚರ್ಚೆಯಾಗುವುದು ಅಪರೂಪ. ನಮ್ಮ ಸಂಖ್ಯೆ ಅವರ ಎಣಿಕೆಗೆ ಸಾಲದು. ಇಂಥ ಸುದ್ದಿಗೆ ಕೂಗಾಟ ಬೇಕಿಲ್ಲ. ಯಾವ ಶಾಲೆ, ಯಾವ ಆದೇಶ, ಆಕ್ಷೇಪಕ್ಕೆ ಕೊನೆಯ ದಿನ ಯಾವುದು ಎಂಬಷ್ಟು ತಿಳಿದರೆ ಸಾಕು. ಓದಲು ಎರಡು ನಿಮಿಷ. ಆ ಎರಡು ನಿಮಿಷ ತಪ್ಪಿದರೆ ಒಂದು ತರಗತಿಯ ಮಕ್ಕಳಿಗೆ ಒಂದು ವರ್ಷ ನಷ್ಟ.

ಬರಿಯ ವಾರ್ತೆ ನಮ್ಮನ್ನು ಹಿಡಿದು ಕೂರಿಸದು. ಹಾಗೆ ಕೂರಿಸಬೇಕಾದ್ದೂ ಇಲ್ಲ. ತಿಳಿದೊಡನೆ ಎದ್ದು ಕೆಲಸಕ್ಕೆ ಹೋಗುವುದೇ ಅದರ ಸಾರ್ಥಕತೆ. ಆದರೆ ಏನೂ ವಿಶೇಷವಿಲ್ಲದ ದಿನಗಳಲ್ಲಿಯೂ ಅದನ್ನು ಬಯಸಿ, ಅದಕ್ಕೆ ನಾಲ್ಕು ಕಾಸು ಕೊಡುವವರು ಬೇಕು. ಅವರಿಲ್ಲದಿದ್ದರೆ, ನಮಗೆ ಬೇಕಾದ ದಿನ ಅದನ್ನು ಹೇಳುವವರೂ ಇರಲಾರರು.