ಕಾಪು ದೀಪಸ್ತಂಭ: ಒಮ್ಮೆ ಕಪ್ಪು-ಬಿಳುಪಿನಲ್ಲಿ ತೆಗೆದು ನೋಡಿ

ವ್ಯಾಪಾರಕ್ಕೆಂದು ಘಟ್ಟ ಹತ್ತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ನೆಲೆಸಿದವರ ಮಕ್ಕಳಿಗೆ ಕಡಲು ಅಂದರೆ ರಜೆಯಲ್ಲಿ ನೋಡುವಂಥದ್ದು. ಊರಿಗೆ ಬಂದಾಗ ಕಾಪು ಬೀಚಿಗೆ ಹೋಗುತ್ತಾರೆ, ದೀಪಸ್ತಂಭದ ಮುಂದೆ ಸೆಲ್ಫಿ, ಒಂದು ಪೊಟ್ಟಣ ಚುರುಮುರಿ, ವಾಪಸ್. ಆ ಕಂಬ ಅಲ್ಲಿ ಯಾಕಿದೆ ಅಂತ ಕೇಳಿದರೆ ಉತ್ತರ ಇಲ್ಲ. ಮುಂದಿನ ಸಲ ಮಕ್ಕಳ ಕೈಗೆ ಮೊಬೈಲ್ ಕೊಟ್ಟು, ಬಣ್ಣವಿಲ್ಲದ ಫೋಟೋ ತೆಗೆಯಲು ಹೇಳಿ.

ಸ್ತಂಭ ಕಟ್ಟಿದ್ದು 1901ರಲ್ಲಿ, ಕಡಲಂಚಿನ ಬಂಡೆಯ ಮೇಲೆ. ಎತ್ತರ ಸುಮಾರು 27 ಮೀಟರ್. ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಕಾಪುವಿಗೂ ಕೂಡ್ಲಿಗಿಗೂ ಒಂದೇ ಸರಕಾರ! ಮೈಮೇಲಿನ ಕಪ್ಪು-ಬಿಳಿ ಪಟ್ಟಿ ಅಲಂಕಾರಕ್ಕಲ್ಲ. ರಾತ್ರಿ ದೀಪ ಮಿನುಗುವ ಲೆಕ್ಕ ಹಿಡಿದು ಇದು ಯಾವ ಊರಿನ ಕಂಬ ಎಂದು ತಿಳಿಯುವ ನಾವಿಕರು, ಹಗಲಲ್ಲಿ ಅದರ ಬಣ್ಣ, ಆಕಾರ ನೋಡಿ ಗುರುತು ಹಿಡಿಯುತ್ತಾರೆ. ಬಣ್ಣ ತೆಗೆದ ಚಿತ್ರದಲ್ಲಿ ನಮ್ಮ ಕಣ್ಣೂ ನೇರ ಆ ಪಟ್ಟಿಗೇ ಹೋಗುತ್ತದೆ. ಐಸ್‌ಕ್ರೀಂ ಗಾಡಿಯ ಕೆಂಪು-ಹಳದಿ ಅಡ್ಡ ಬರುವುದಿಲ್ಲ.

ಸಂಜೆ ಸೂರ್ಯ ಕಡಲ ಕಡೆ ಇರುತ್ತಾನೆ. ದಡದಿಂದ ತೆಗೆದರೆ ಪಟ್ಟಿಗಳೆಲ್ಲ ಮಾಯ, ಬರೀ ಕರಿ ಕಂಬ. ಅದೂ ಚೆಂದವೇ, ಆದರೆ ಎಲ್ಲರ ಸ್ಟೇಟಸಿನಲ್ಲೂ ಅದೇ ಇದೆ. ಪಟ್ಟಿ ಕಾಣಬೇಕಾದರೆ ಬೆಳಗ್ಗೆಯೇ ಸರಿ. ಫಜ್ರ್ ಮುಗಿಸಿ ಚಾ ಕುಡಿದು ಹೊರಡಿ. ಪರದೆಯಲ್ಲಿ ಬಿಳಿ ಪಟ್ಟಿಯನ್ನು ಮುಟ್ಟಿ, ಬೆಳಕು ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ಬಿಳಿಯೆಲ್ಲ ಸುಣ್ಣ ಬಳಿದಂತೆ ಬರುತ್ತದೆ. ಬಣ್ಣದಲ್ಲೇ ತೆಗೆದು ಆಮೇಲೆ ಕಪ್ಪು-ಬಿಳುಪು ಮಾಡುವುದು ಉತ್ತಮ: ನೀಲಿಯನ್ನು ಗಾಢ ಮಾಡಿದರೆ ಆಕಾಶ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ. ರೀಲ್ ಕ್ಯಾಮೆರಾದ ಕಾಲದಲ್ಲಿ ಇದಕ್ಕೇ ಲೆನ್ಸಿಗೆ ಕೆಂಪು ಗಾಜು ಹಾಕುತ್ತಿದ್ದರು.

ಮಳೆಗಾಲದಲ್ಲಿ ಬೇಡ. ಬೂದು ಆಕಾಶದಲ್ಲಿ ಬಿಳಿ ಪಟ್ಟಿ ಕಳೆದೇ ಹೋಗುತ್ತದೆ, ಬಂಡೆಯೂ ಪಾಚಿಗಟ್ಟಿ ಜಾರುತ್ತದೆ. ಒಂದು ಫೋಟೋಗಾಗಿ ಅಲೆ ಹೊಡೆಯುವ ಬಂಡೆಯ ತುದಿಗೆ ಮಕ್ಕಳನ್ನು ಬಿಡಬೇಡಿ.

ಮನೆಯಲ್ಲಿ ಮಂಜಿಯಲ್ಲಿ ಹೆಂಚು ಹೇರಿಕೊಂಡು ಹೋದ ಅಜ್ಜ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಸ್ತಂಭದ ಬುಡದಲ್ಲಿ ಕೂರಿಸಿ, ರಾತ್ರಿ ಕಡಲಲ್ಲಿ ಯಾವ ದೀಪ ನೋಡಿ ಊರು ಬಂತು ಅನ್ನುತ್ತಿದ್ದರು ಎಂದು ಮೊಮ್ಮಕ್ಕಳು ಕೇಳಲಿ. ಮಾತಾಡುವಾಗಲೇ ಫೋಟೋ ತೆಗೆಯಲಿ. ಅದನ್ನು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಅಜ್ಜನ ಹೆಸರು, ಮಂಜಿಯ ಹೆಸರು, ಇಸವಿ ಬರೆದಿಡಿ.